ಬೋಳಾದ ಬಳ್ಳಿ

ರಟ್ಟೀಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಉತ್ತರಕ್ಕೊಂದು ಗೋಡೆ. ಬೇವಿನ ಮರದ ನೆರಳಿಗೆ ಅಲ್ಲಿ ಮಧ್ಯಾಹ್ನವೂ ಬಿಸಿಲಿಲ್ಲ. ಮಲ್ಲಿಗೆ ಹಚ್ಚಿದೆ, ಎಲೆ ಬಂತೇ ಹೊರತು ಹೂ ಬರಲಿಲ್ಲ.

2018ರ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಕುಮುದ್ವತಿಗೆ ಹೊಸ ನೀರು ಬಂದ ದಿನಗಳಲ್ಲಿ ಅತ್ತೆಯವರು ತವರಿಗೆ ಹೋಗಿ, ಬರುವಾಗ ಒಂದು ಗೇಣು ಅಮೃತಬಳ್ಳಿಯ ತುಂಡು ತಂದರು. ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿದರು. ಅದು ಗೋಡೆಗೆ ಅಂಟುವ ಬಳ್ಳಿಯಲ್ಲ, ಸುತ್ತಿಕೊಂಡು ಏರುವುದು. ಮೊಳೆ ಹೊಡೆದು ಹಗ್ಗ ಕಟ್ಟಿಕೊಟ್ಟೆ. ದೀಪಾವಳಿಗೆ ಅರ್ಧ ಗೋಡೆ ಹಸಿರಾಯಿತು.

ಸಂಕ್ರಾಂತಿ ಕಳೆದದ್ದೇ ಎಲೆ ಹಣ್ಣಾಗಿ ಉದುರಿದವು. ಶಿವರಾತ್ರಿಗೆ ಬರೀ ಒಣ ಹುರಿ. ಸತ್ತಿತೆಂದು ಕುಡುಗೋಲಿನಿಂದ ಬುಡ ಕೊಯ್ದೆ.

ಅತ್ತೆಯವರು ಬಯ್ಯಲಿಲ್ಲ. ಮಾವನವರು ಹೋದ ಮೇಲೆ ಅವರು ಮಾತೇ ಕಡಿಮೆ ಮಾಡಿದ್ದರು. ವಯಸ್ಸಾಯಿತು, ಬೇಸರಪಡಿಸಬಾರದು ಎಂದು ನಾನೂ ತಾಟು ಮುಂದಿಟ್ಟು ನೋಟ್‌ಬುಕ್ ತಿದ್ದಲು ಕೂಡುತ್ತಿದ್ದೆ. ಅಂದು ಎದ್ದು ಬಂದು, ಮೇಲೆ ಉಳಿದ ಬಳ್ಳಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಒಳಗೆ ಹಸಿರು!

"ಸತ್ತಿಲ್ಲವ್ವಾ ಇದು. ಎಲಿ ಉದುರಿಸಿ ಸುಮ್ಮನ ಕುಂತೈತಿ. ಕೇಳಿದ್ರ ಹೇಳ್ತಿದ್ನಲ್ಲ."

ಕೇಳಬೇಕಿತ್ತು. ಬಳ್ಳಿಯ ವಿಷಯವೊಂದನ್ನೇ ಅಲ್ಲ.

ಅಂದಿನಿಂದ ಸಂಜೆ ನೋಟ್‌ಬುಕ್ಕಿನ ಗಂಟನ್ನು ಅವರು ಕೂಡುವ ಕಟ್ಟೆಗೇ ಒಯ್ದೆ. ಮೊದಮೊದಲು ನಾನೇ ಮಾತಾಡಿದೆ. ಹದಿನೈದು ದಿನಕ್ಕೆ ಅವರು ಬಾಯಿಬಿಟ್ಟರು. ಮದುವೆಯಾದ ಹೊಸತರಲ್ಲಿ ಅವರ ತವರಿನ ಹಿತ್ತಲಲ್ಲಿ ಆ ಬಳ್ಳಿ ಹಚ್ಚಿದವರು ಮಾವನವರಂತೆ. ನಾನು ಕೊಯ್ದದ್ದು ಅದರ ತುಂಡನ್ನು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಬಳ್ಳಿ ಮಾತ್ರ ಸಾಯಲಿಲ್ಲ. ಹಗ್ಗಕ್ಕೆ ಜೋತಿದ್ದ ಭಾಗ ನೂಲಿನಂಥ ಬೇರು ಇಳಿಬಿಟ್ಟಿತು. ಮಳೆಗಾಲದಲ್ಲಿ ಅದು ನೆಲ ಮುಟ್ಟಿ, ಬಳ್ಳಿ ಚಿಗುರಿತು. ಬೇಸಿಗೆಗೆ ಎಲೆ ಕಳಚುವುದು ಅದರ ಗುಣ. ಬೋಳಾಗಿರುವಾಗಲೇ ಹಳದಿ ಹಸಿರಿನ ಸಣ್ಣ ಹೂ ಬಿಡುತ್ತದೆ.

ಕೊರೊನಾ ಬಂದ 2020ರಲ್ಲಿ ಓಣಿಯವರೆಲ್ಲ ಕಷಾಯಕ್ಕೆ ತುಂಡು ಕೇಳಿ ಬಂದರು. ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅಂದಿನಿಂದ ನೆಡಲು ಕೇಳಿದವರಿಗೆ ಸಂತೋಷದಿಂದ ಕೊಡುತ್ತೇನೆ; ಕುಡಿಯುವವರಿಗೆ, ಮೊದಲು ವೈದ್ಯರನ್ನು ಕೇಳಿ ಎನ್ನುತ್ತೇನೆ.

ನಿಮ್ಮ ಹಿತ್ತಲಲ್ಲೂ ನೆರಳಿನ ಗೋಡೆಯಿದ್ದರೆ ಮಳೆಗಾಲದಲ್ಲಿ ಒಂದು ತುಂಡು ಊರಿ. ಬೋಳಾದಾಗ ಕುಡುಗೋಲು ಹುಡುಕಬೇಡಿ. ಒಮ್ಮೆ ಉಗುರು ತಾಗಿಸಿ ನೋಡಿ.