ನಾಲ್ಕಡಿ ಆರಡಿ

ಮನೆ ಕಟ್ಟುವವರ ಮಾತನ್ನು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ಚಾವಡಿಯ ಅಗಲ, ದೇವರ ಕೋಣೆಯ ದಿಕ್ಕು, ಅಡುಗೆಮನೆಯ ಕಿಟಕಿ, ಇವುಗಳ ಮೇಲೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಬಚ್ಚಲಿನ ಸರದಿ ಬರುವುದು ಕಟ್ಟಕಡೆಗೆ, ನಕ್ಷೆಯಲ್ಲಿ ಎಲ್ಲೋ ಒಂದು ಮೂಲೆ ಉಳಿದಾಗ. ಇನ್ನು ಕಾರು ಶೆಡ್ಡಿನೊಳಗೆ ಒಂದು ಬಚ್ಚಲು ಬೇಕೆಂದರೆ ಕೇಳಿದವರು ನಮ್ಮ ಮುಖವನ್ನೇ ನೋಡುತ್ತಾರೆ. ಕಾರಿಗೇಕೆ ಬಚ್ಚಲು?

ನಮ್ಮ ಶೆಡ್ಡಿನಲ್ಲಿ ಈಗ ಕಾರಿಲ್ಲ. ಮಾರಿ ಆರು ವರ್ಷಗಳಾದವು. 10 ಅಡಿ ಅಗಲ, 18 ಅಡಿ ಉದ್ದದ ಆ ಜಾಗದಲ್ಲಿ ನನ್ನಾಕೆ ನಾಲ್ಕು ಹೊಲಿಗೆ ಯಂತ್ರಗಳನ್ನಿಟ್ಟು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಸುತ್ತಾಳೆ. ಮಂಗಳೂರಿನಲ್ಲಿ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುವುದರಿಂದ ಕೆಲಸದ ಭರಾಟೆಯೆಲ್ಲ ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ. ನಾಲ್ವರು ಹೆಂಗಸರು ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಂಜೆ ಆರಕ್ಕೆ ಏಳುತ್ತಾರೆ. ಬರುವಾಗ ಒಬ್ಬೊಬ್ಬರೂ ಒಂದು ಬಾಟಲಿ ನೀರು ತರುತ್ತಾರೆ. ಹೋಗುವಾಗ ಅದು ಮುಕ್ಕಾಲು ತುಂಬಿಯೇ ಇರುತ್ತದೆ. ಬೆವರು ಧಾರೆಯಾಗಿ ಇಳಿಯುವ ಮೇ ತಿಂಗಳಲ್ಲೂ ಹೀಗೆಯೇ.

ಇದನ್ನು ಗಮನಿಸಿದವಳು ನನ್ನಾಕೆ. ವಿಚಾರಿಸಿದಾಗ ಅವರಲ್ಲಿ ಕಿರಿಯವಳು, “ಕುಡಿದರೆ ಹೋಗಬೇಕಾಗ್ತದಲ್ಲ ಅಕ್ಕ” ಎಂದಳಂತೆ. ಮನೆಯೊಳಗಿನ ಬಚ್ಚಲಿಗೆ ಬರಬಹುದೆಂದು ಮೊದಲ ದಿನವೇ ಹೇಳಿದ್ದಾಗಿತ್ತು. ಆದರೆ ಅಲ್ಲಿಗೆ ಹೋಗಲು ಚಾವಡಿ ದಾಟಬೇಕು. ಚಾವಡಿಯಲ್ಲಿ ಕನ್ನಡಕ ಏರಿಸಿಕೊಂಡು, ಕಾಲು ಚಾಚಿ, ಪತ್ರಿಕೆ ಹಿಡಿದ ನಾನು. ಇಂಥ ದ್ವಾರಪಾಲಕನೆದುರು ದಿನಕ್ಕೆರಡು ಬಾರಿ ಹಾದುಹೋಗುವುದಕ್ಕಿಂತ ಬಾಯಾರಿಕೆಯೇ ವಾಸಿ ಎಂದು ಅವರಿಗೆ ತೋರಿದರೆ ಆಶ್ಚರ್ಯವೇನು?

ಇದು ನಮ್ಮ ಮನೆಯೊಂದರ ಕತೆಯಲ್ಲ. ನೆರೆಯ ಕೋಯಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಂಗಸರು ಸಂಘ ಕಟ್ಟಿ ಮೊದಲು ಕೇಳಿದ್ದು ಸಂಬಳವನ್ನಲ್ಲ, ಕಕ್ಕಸನ್ನು. ಅವರೂ ನೀರು ಕುಡಿಯದೆ ದಿನ ದೂಡುತ್ತಿದ್ದವರೇ. ಅಲ್ಲಿಂದ ಬೆಳೆದ ಹೋರಾಟದಿಂದ 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯಿದೆಯನ್ನೇ ತಿದ್ದಿ, ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕನ್ನೂ ಕೊಟ್ಟಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಗೃಹ ಇರಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಆದರೆ ಆ ಕಾಯಿದೆಯ ಲೆಕ್ಕದಲ್ಲಿ ವಿದ್ಯುತ್ತು ಬಳಸುವ ಕಡೆ ಹತ್ತು ಮಂದಿಯಾದರೂ ದುಡಿದರೆ ಮಾತ್ರ ಅದು ಕಾರ್ಖಾನೆಯಾಗಿತ್ತು. ನಾಲ್ವರ ದಾಹಕ್ಕೆ ಯಾವ ಕಾಯಿದೆ?

ಸುದ್ದಿ ತಿಳಿದ ನನ್ನ ಅಕ್ಕ ಸುಲಭವಾದ ಉಪಾಯ ಹೇಳಿದಳು. ಹಿತ್ತಿಲ ತೆಂಗಿನ ಬುಡದ ಹಳೆಯ ಕಕ್ಕಸಿಗೆ ನಾಲ್ಕು ಶೀಟು ಹೊದಿಸಿದರಾಯಿತು, “ಕೆಲಸದವರಿಗೆ ಅಷ್ಟು ಸಾಕಲ್ಲವೋ?” ಅಕ್ಕ ಕೆಟ್ಟವಳಲ್ಲ, ಆ ಮನೆಯಲ್ಲಿ ಬೆಳೆದವಳು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಬೇರೆ, ಕಕ್ಕಸು ಬೇರೆ. ಬಚ್ಚಲೆಂದರೆ ತಾಮ್ರದ ಹಂಡೆ, ಒಲೆಯಲ್ಲಿ ತೆಂಗಿನ ಸಿಪ್ಪೆಯ ಬೆಂಕಿ, ದೀಪಾವಳಿಗೆ ಹಂಡೆಯ ಕೊರಳಿಗೆ ಹೂವು. ಇಬ್ಬರು ಮಲಗುವಷ್ಟು ವಿಶಾಲ. ಕಕ್ಕಸಾದರೋ ಕಣ್ಣಿಗೆ ಕಾಣದಷ್ಟು ದೂರ, ಅದರ ಹಿಂಗೋಡೆಯಲ್ಲಿ ಮೊಣಕಾಲೆತ್ತರದ ಒಂದು ಸಣ್ಣ ಬಾಗಿಲು. ಆ ಬಾಗಿಲಿಗೆ ಬೆಳಗಿನ ಜಾವದಲ್ಲಿ ಬರುತ್ತಿದ್ದವರ ಮುಖವನ್ನು ನಾವು ಮಕ್ಕಳು ನೋಡಿದ್ದಿಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಒಣ ಕಕ್ಕಸುಗಳನ್ನೇ ನಿಷೇಧಿಸಿದ ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ನಮ್ಮ ಹಿತ್ತಿಲಿನ ಆ ಸಣ್ಣ ಬಾಗಿಲಿಗೆ ಕಲ್ಲು ಕಟ್ಟಿ ಮುಚ್ಚಿದ ಗುರುತು ಇಂದಿಗೂ ಇದೆ. ಅದರ ಮೇಲೆ ಶೀಟು ಹೊದಿಸಲು ನನ್ನಾಕೆ ಒಪ್ಪಲಿಲ್ಲ. “ನಾನೂ ಹೋಗುವಂಥದ್ದಾದರೆ ಕಟ್ಟಿಸಿ, ಇಲ್ಲದಿದ್ದರೆ ಬೇಡ” ಎಂದಳು. ನಕ್ಷೆಯ ಮೊದಲ ಗೆರೆ ಬಿದ್ದದ್ದು ಅಲ್ಲಿ.

ಮೇಸ್ತ್ರಿಗಳು ಬಂದು, “ಮೂರಡಿ ನಾಲ್ಕಡಿ ಧಾರಾಳ ಸಾಕು” ಎಂದರು. ಅವರ ಮುಂದೆಯೇ ಇವಳು ಹೊಲಿಗೆಯ ಸೀಮೆಸುಣ್ಣದಿಂದ ನೆಲದ ಮೇಲೆ ಅಷ್ಟು ಅಳತೆ ಗೀಚಿ, ನಾಲ್ವರಲ್ಲಿ ಹಿರಿಯಾಕೆಯನ್ನು ಒಳಗೆ ನಿಲ್ಲಿಸಿ ತಿರುಗಲು ಹೇಳಿದಳು. ಸೀರೆಯುಟ್ಟವರು, ಮಂಡಿನೋವಿನವರು, ಪಕ್ಕದಲ್ಲೊಂದು ಬಾಲ್ದಿ ಇರಬೇಕು. ತಿರುಗಲಾಗಲಿಲ್ಲ. ಗೆರೆ ಅಳಿಸಿ ಅಳಿಸಿ ಕೊನೆಗೆ 4 ಅಡಿ ಅಗಲ, 6 ಅಡಿ ಉದ್ದಕ್ಕೆ ಬಂದು ನಿಂತಿತು. 180 ಚದರಡಿಯಲ್ಲಿ 24 ಹೋಯಿತು. ಅಂದರೆ ಒಂದು ಯಂತ್ರ ಹೊರಗೆ ಹೋಗಬೇಕು, ಯಂತ್ರದ ಜತೆಗೆ ಅದರ ಮುಂದೆ ಕೂರುವವಳೂ ಹೋಗಬೇಕು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಮರುದಿನ ಬಡಗಿಯನ್ನು ಕರೆಸಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಗೋಡೆಗೆ ಕೀಲು ಹಾಕಿ ಮಡಚುವಂತೆ ಮಾಡಲು ಗೊತ್ತುಮಾಡಿದಳು. ನಾಲ್ಕು ಯಂತ್ರಗಳೂ ಉಳಿದವು.

ಜಾಗದ ಪ್ರಶ್ನೆ ಮುಗಿದರೆ ನೀರಿನದು. ನಮ್ಮ ಓಣಿ ಗುಡ್ಡದ ಬುಡದಲ್ಲಿ, ಮೇಲಿನ ರಸ್ತೆಯ ಒಳಚರಂಡಿಗಿಂತ ತಗ್ಗಿನಲ್ಲಿದೆ. ನೀರು ಮೇಲಕ್ಕೆ ಹರಿಯುವುದಿಲ್ಲವಲ್ಲ! ಶೆಡ್ಡಿನ ಪಕ್ಕದಲ್ಲೇ ಒಂದು ಇಂಗುಗುಂಡಿ ತೋಡಿದರೆ ಅಗ್ಗವೆಂದು ಮೇಸ್ತ್ರಿಗಳ ಲೆಕ್ಕ. ಆದರೆ ಅಲ್ಲಿಂದ ಬಾವಿಗೆ ಇಪ್ಪತ್ತೇ ಅಡಿ, ನಡುವೆ ಇರುವುದು ಮುರಕಲ್ಲು. ಇಟ್ಟಿಗೆಯಂತೆ ಕಡಿಯಲು ಬರುವ ಈ ಕಲ್ಲಿಗೆ ಬುಕನನ್ ಎಂಬ ಪ್ರವಾಸಿ 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆ. ಮೈತುಂಬ ರಂಧ್ರಗಳ ಕಲ್ಲು. ಆಷಾಢದಲ್ಲಿ ಬಾವಿ ತುಂಬಿ ಕಟ್ಟೆಯ ಹತ್ತಿರ ಬರುವಾಗ ಗುಂಡಿಯ ನೀರೂ ಬಾವಿಯ ನೀರೂ ಒಂದಾಗಲು ಹೆಚ್ಚು ಹೊತ್ತು ಬೇಡ. ನಲ್ಲಿ ಇದೆಯಲ್ಲ ಎನ್ನಬೇಡಿ. 2016ರ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿ ಬತ್ತಿ, ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟಾಗ ಈ ಓಣಿಯನ್ನು ಸಾಕಿದ್ದು ಬಾವಿಗಳೇ.

ಆದ್ದರಿಂದ ಕೊಳವೆಯನ್ನು ಮನೆಯ ಹಿಂದಿನ ಸೆಪ್ಟಿಕ್ ಟ್ಯಾಂಕಿಗೇ ಸೇರಿಸುವುದೆಂದಾಯಿತು. ನೇರ ಹಾದಿ 30 ಅಡಿ, ಆದರೆ ಬಾವಿಕಟ್ಟೆಯನ್ನು ಸವರಿಕೊಂಡು ಹೋಗುತ್ತದೆ. ಕಂಪೌಂಡಿನ ಅಂಚು ಹಿಡಿದು ಸುತ್ತಿದರೆ 50. ಸುತ್ತುವುದನ್ನೇ ಆರಿಸಿದೆವು. 4 ಇಂಚಿನ ಕೊಳವೆ, ಅಡಿಗೆ ಕಾಲು ಇಂಚು ವಾಟ. 50 ಅಡಿಗೆ 12½ ಇಂಚು ಇಳಿಯಬೇಕು. ಟ್ಯಾಂಕಿನ ಬಾಯಿ ಶೆಡ್ಡಿನ ನೆಲಕ್ಕಿಂತ ಎರಡಡಿ ಕೆಳಗಿರುವುದು ನಮ್ಮ ಪುಣ್ಯ. ತಿರುವಿನಲ್ಲಿ ಮುಚ್ಚಳ ತೆರೆದು ನೋಡಲು ಒಂದು ಚೇಂಬರು. ಟ್ಯಾಂಕಿನ ಗಾಳಿಕೊಳವೆಯ ತುದಿಗೆ ಸಣ್ಣ ಬಲೆ. ಮಲೇರಿಯಾ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಗಂಡಸರಾರಿಗೂ ಹೊಳೆಯದ ಒಂದು ಸಂಗತಿಯನ್ನು ಹಿರಿಯಾಕೆ ನಾಚುತ್ತ ಇವಳ ಕಿವಿಯಲ್ಲಿ ಹೇಳಿದರು. ಶೆಡ್ಡಿಗೆ ಹಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮೂರಿನ ಹೆಮ್ಮೆ ಅದು. ಆದರೆ ಅಂಥ ಮಾಡಿನ ಕೆಳಗೆ ಎಂಟಡಿಯ ಅಡ್ಡಗೋಡೆ ಎಬ್ಬಿಸಿದರೆ ಮೇಲೆಲ್ಲ ಬಯಲು. ಯಂತ್ರಗಳು ನಿಂತಾಗ ಒಳಗಿನ ಸದ್ದು ಹೊರಗೆ ಕೇಳುತ್ತದೆ. ಹಾಗಾದರೆ ಮತ್ತೆ ಯಾರೂ ನೀರು ಕುಡಿಯುವುದಿಲ್ಲ. ಬಚ್ಚಲಿನ ಮೇಲೆ ಒಂದು ತೆಳು ಸ್ಲ್ಯಾಬು ಹಾಕುವುದೆಂದು ಆಗಲೇ ತೀರ್ಮಾನವಾಯಿತು. ಬಟ್ಟೆಯ ಥಾನುಗಳಿಗೆ ಅಟ್ಟವೂ ಆಯಿತು. ಗಾಳಿಕಿಂಡಿ ಆರಡಿಗಿಂತ ಮೇಲೆ, ತೋಟದ ಕಡೆಗೆ. ಬಾಗಿಲು ಹೊರಕ್ಕೆ ತೆರೆಯಬೇಕು. ಸೆಕೆಗೆ ಒಳಗೆ ಯಾರಾದರೂ ಕುಸಿದರೆ ದೂಡಿಕೊಂಡು ಹೋಗುವ ಅವಸ್ಥೆ ಬೇಡ. ಮಂಡಿನೋವಿಗಾಗಿ ಕುರ್ಚಿಯಂಥ ಕಕ್ಕಸು, 3 ಲೀಟರು ಮತ್ತು 6 ಲೀಟರಿನ ಎರಡು ಗುಂಡಿಗಳದು. ನೆಲ ಶೆಡ್ಡಿಗಿಂತ ಒಂದೂವರೆ ಇಂಚು ತಗ್ಗು, ಬಿಳಿಯ ಬಟ್ಟೆಯ ಕಡೆಗೆ ನೀರು ನುಸುಳಬಾರದಲ್ಲ. ಕೈತೊಳೆಯುವ ಬೇಸಿನ್ನು ಮಾತ್ರ ಬಾಗಿಲ ಹೊರಗೆ. ಬುತ್ತಿ ತೊಳೆಯುವವರು ಒಳಗಿರುವವರಿಗಾಗಿ ಕಾಯಬೇಕಿಲ್ಲ.

ನಕ್ಷೆಯನ್ನು ಗೋಡೆಗೆ ಅಂಟಿಸಿ, ಇನ್ನೇನಾದರೂ ಬೇಕೇ ಎಂದು ಇವಳು ನಾಲ್ವರನ್ನೂ ಕೇಳಿದಳು. ಚೀಲ ತೂಗುಹಾಕಲು ಎರಡು ಮೊಳೆ, ಮುಚ್ಚಳವಿರುವ ಒಂದು ಬುಟ್ಟಿ, ಒಂದು ಕನ್ನಡಿ. ಕಿರಿಯವಳು ಕೊನೆಗೆ, “ಹೊರಗಿನಿಂದ ಬೀಗ ಬೇಡ ಅಕ್ಕ, ಪ್ರತಿಸಲ ಕೀಲಿಕೈ ಕೇಳ್ಲಿಕ್ಕಾಗೂದಿಲ್ಲ” ಎಂದಳು. ಚಿಲಕ ಒಳಗೆ ಮಾತ್ರ ಎಂದು ನಕ್ಷೆಯ ಮೇಲೆ ಬರೆದಿಟ್ಟಿದ್ದೇವೆ.

ನವರಾತ್ರಿ ಕಳೆದು ಮಳೆ ಬಿಟ್ಟ ಮೇಲೆ ಕೆಲಸ ಹಿಡಿಯುವುದಾಗಿ ಮೇಸ್ತ್ರಿಗಳು ಹೇಳಿದ್ದಾರೆ. ಅದುವರೆಗೆ ಹಗಲು ಹೊತ್ತಿನಲ್ಲಿ ನನ್ನ ಕುರ್ಚಿಗೆ ಚಾವಡಿಯಿಂದ ಜಗಲಿಗೆ ವರ್ಗವಾಗಿದೆ. ಗಾಳಿ ಬೀಸಿದಾಗ ಎರಚಲು ಹೊಡೆದು ಪತ್ರಿಕೆ ಒದ್ದೆಯಾಗುತ್ತದೆ. ಒಳಗಿನ ಪುಟಗಳು ಓದಲು ಸಿಗುತ್ತವೆ.