ತ್ಸಂಪಾ ಮತ್ತು ಹುರಿಹಿಟ್ಟು

ನೆಲೆ ತಪ್ಪಿ ಬಂದವರಿಗೆ ಹೊಸ ನಾಡಿನ ನುಡಿಗಿಂತ ಮೊದಲು ಎದುರಾಗುವುದು ಅದರ ಉಣಿಸು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರ ಚರಿತ್ರೆಯನ್ನು ಮಠ, ಧರ್ಮ, ರಾಜಕಾರಣಗಳ ಮೂಲಕ ಓದುವುದು ರೂಢಿ. ಅದನ್ನು ಹಿಟ್ಟಿನ ಮೂಲಕವೂ ಓದಲು ಸಾಧ್ಯವಿದೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ರಾಜ್ಯ ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿದುದರಿಂದ 1960ರ ದಶಕದ ಆರಂಭದಲ್ಲಿ ಲುಗ್ಸುಂ ಸಂಡುಪ್ಲಿಂಗ್ ನೆಲೆಗೊಂಡಿತು. 1969ರಲ್ಲಿ ಅಲ್ಲಿಯೇ ಡಿಕ್ಯಿ ಲಾರ್ಸೋ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗ್ಯೇಲಿಂಗ್ ಸ್ಥಾಪನೆಯಾದವು. ಮೊದಲ ವರ್ಷಗಳಲ್ಲಿ ಕಾಡು ಕಡಿದು ಹೊಲ ಮಾಡಿದವರು ಪಡಿಯಾಗಿ ಬಂದುದನ್ನೇ ಉಂಡರು.

ಅವರು ಬಿಟ್ಟುಬಂದ ಲ್ಹಾಸಾ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಬೈಲಕುಪ್ಪೆಯ ಎತ್ತರ ಸಾವಿರ ಮೀಟರಿಗೂ ಕಡಿಮೆ. ಅಲ್ಲಿಯ ನಿತ್ಯದ ಆಹಾರ ತ್ಸಂಪಾ, ಎಂದರೆ ಹುರಿದ ಬಾರ್ಲಿಯ ಹಿಟ್ಟು. ಉಪ್ಪು ಬೆಣ್ಣೆಗಳನ್ನು ಸೇರಿಸಿ ಕಡೆದ ಚಹಾವನ್ನು ಬಟ್ಟಲಿನ ಹಿಟ್ಟಿಗೆ ಹೊಯ್ದು, ಬೆರಳಿನಿಂದ ಕಲಸಿ, ಉಂಡೆ ಮಾಡಿ ತಿನ್ನುವುದು ಪದ್ಧತಿ. ಇಲ್ಲಿ ಆ ಧಾನ್ಯವೂ ಇರಲಿಲ್ಲ, ಆ ಚಳಿಯೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಸಂತೆಯ ಅರ್ಥ ಹಿರಿದು. ಪಡಿಯನ್ನು ಪಡೆಯುವವರು ಕೊಟ್ಟದ್ದನ್ನು ಉಣ್ಣುತ್ತಾರೆ. ಸಂತೆಗೆ ಹೋದವರು ಮುಟ್ಟಿ, ಮೂಸಿ, ಬೆಲೆ ಕೇಳಿ, ಒಲ್ಲೆನೆಂದು ಮುಂದಕ್ಕೂ ಹೋಗಬಲ್ಲರು. ನಿರಾಶ್ರಿತರಿಗೆ ಆಯ್ಕೆಯ ಅಧಿಕಾರ ಮೊದಲು ಮರಳುವುದು ಬಹುಶಃ ಇಂತಹ ಕಡೆಯಲ್ಲಿಯೇ. ಈ ಸೀಮೆಯ ಸಂತೆಯೆಂದರೆ ಕೆ.ಆರ್. ನಗರದ ಕಡೆಯ ಅಕ್ಕಿ, ಹೆಚ್.ಡಿ. ಕೋಟೆ ಹುಣಸೂರುಗಳ ರಾಗಿ, ಅವರೆ, ಹುರುಳಿ. ಮೊದಲ ತಲೆಮಾರಿನ ಒಬ್ಬ ಹೆಣ್ಣುಮಗಳು ಅಲ್ಲಿ ರಾಗಿಯನ್ನು ಹಿಡಿಯಲ್ಲಿ ತೆಗೆದುಕೊಂಡು ನೋಡಿದ ಗಳಿಗೆಯನ್ನು ಯಾವ ಕಡತವೂ ದಾಖಲಿಸಿಲ್ಲ. ಆದರೆ ಆಕೆಗೆ ಪರಿಚಿತವಾದ ಒಂದು ಕ್ರಮ ಇಲ್ಲಿಯ ಒಕ್ಕಲು ಮನೆಗಳಲ್ಲಿಯೂ ಇತ್ತು. ರಾಗಿಯನ್ನು ಅರಳಾಗುವಂತೆ ಹುರಿದು ಬೀಸಿದ ಹುರಿಹಿಟ್ಟು, ಹಾಲು ಬೆಲ್ಲದೊಡನೆಯೋ ಮಜ್ಜಿಗೆಯೊಡನೆಯೋ ಕಲಸಿದರೆ ಮತ್ತೆ ಒಲೆಯನ್ನು ಬೇಡುವುದಿಲ್ಲ. ತ್ಸಂಪಾದ ಗುಣವೂ ಅದೇ. ಎರಡೂ ದಾರಿಯ ಬುತ್ತಿಗಳು. ಸಿಕ್ಕಿಂ, ನೇಪಾಳಗಳ ಬೆಟ್ಟಗಳಲ್ಲಿ ರಾಗಿಯನ್ನು ಹುದುಗಿಸಿ ಪಾನೀಯ ಮಾಡುವುದನ್ನು ನೆನೆದರೆ, ಈ ಧಾನ್ಯ ಹಿಮಾಲಯಕ್ಕೆ ತೀರ ಅನ್ಯವೂ ಅಲ್ಲ.

ಸಾಮ್ಯವನ್ನು ಅತಿಯಾಗಿ ಹಿಗ್ಗಿಸಲಾಗದು. ಮುದ್ದೆಯನ್ನು ಒಲೆಯ ಮೇಲೆ ಕೋಲಿನಿಂದ ತೊಳಸಬೇಕು, ಅಗಿಯದೆ ನುಂಗಬೇಕು; ಆ ವಿದ್ಯೆ ನೆರೆಯವರಿಂದಲೇ ಬರತಕ್ಕದ್ದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗವು ವ್ರೀಹಿಯನ್ನು ಗೆಲ್ಲುವುದು ಕುಲದಿಂದಲ್ಲ, ಆರು ತಿಂಗಳ ಸೆರೆಯನ್ನು ಕೆಡದೆ ತಾಳಿಕೊಂಡದ್ದರಿಂದ. ನೆಲೆ ತಪ್ಪಿದ ಜನರ ಪಕ್ಕದಲ್ಲಿಟ್ಟು ಓದಿದಾಗ ಆ ಕಾವ್ಯದ ತೀರ್ಪಿಗೆ ಇನ್ನೊಂದು ಅರ್ಥ ಒದಗುತ್ತದೆ.

ಇಂದು ಮೊಮೊ ಮೈಸೂರಿನ ಬೀದಿಗಳ ತಿನಿಸಾಗಿದೆ, ಕೊಂಡವರು ಕೊಟ್ಟಿದ್ದಾರೆ. ಆದರೆ ನೆಲೆಗಳ ಎಳೆಯರು ಬೆಂಗಳೂರಿಗೆ, ಕಡಲಾಚೆಯ ನಾಡುಗಳಿಗೆ ತೆರಳುತ್ತಿದ್ದಾರೆ. ಟಿಬೆಟ್ಟನ್ನು ಕಾಣದ ಅವರಿಗೆ ದೂರದೂರಿನಲ್ಲಿ ನೆನಪಾಗುವ ಮನೆಯ ಹಿಟ್ಟು ಯಾವುದು? ಈ ಪ್ರಶ್ನೆಯನ್ನು ಮೊದಲ ತಲೆಮಾರಿನ ಅಡುಗೆಮನೆಗಳಲ್ಲಿ ಕುಳಿತು ಕೇಳಬೇಕಾದ ಕೆಲಸ ಕನ್ನಡದ ಸಂಶೋಧಕರಿಗೆ ಬಾಕಿಯಿದೆ. ಉತ್ತರ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.