ಹಲಸಿನ ಕಿಟಕಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧ ನನಗೆ ಸಾಗರದಲ್ಲಿ ಸಣ್ಣದೊಂದು ಮನೆ ಕಟ್ಟಿಸುವಾಗ ಅರ್ಥವಾಯಿತು. ತಳಪಾಯ, ಗೋಡೆಗಳ ತನಕ ಮೇಸ್ತ್ರಿ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ. ಕಿಟಕಿಯ ಮಾತು ಬಂದಾಗ ಪಿಯುಸಿ ಓದುತ್ತಿದ್ದ ಮಗಳು ತಡೆದಳು. ‘ಅಪ್ಪಾ, ಕ್ಲಾಸಿನಲ್ಲಿ ಅಪ್ಪಿಕೋ ಪಾಠ, ಮನೆಗೆ ತೇಗದ ಕಿಟಕಿಯಾ?’

ಉತ್ತರ ಹೊಳೆಯಲಿಲ್ಲ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತಲೆ ತಡೆದಾಗ ನಾನಿನ್ನೂ ಶಾಲೆಯ ಹುಡುಗ. ಆ ಕಥೆಯನ್ನು ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದವನು. ನೆಟ್ಟು ಬೆಳೆಸಿದ ತೋಪಿನ ತೇಗವಾದರೆ ತಪ್ಪಿಲ್ಲವೆನ್ನಿ. ಆದರೆ ಇದು ಯಾವ ತೋಪಿನದೆಂದು ಕೇಳಿದರೆ ಸಾಮಿಲ್ಲಿನವರು ನಕ್ಕರು.

ಹಾಗಾದರೆ ಅಲ್ಯೂಮಿನಿಯಂ? ಗೆದ್ದಲು ಹಿಡಿಯದು, ಮರ ಕಡಿಯಬೇಕಾಗಿಲ್ಲ. ಆದರೆ ಅಲ್ಯೂಮಿನಾದಿಂದ ಒಂದು ಕಿಲೋ ಲೋಹ ಬೇರ್ಪಡಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಗುಜರಿಯನ್ನು ಕರಗಿಸಿ ಮಾಡಿದರೆ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ ಸಾಕು, ನಿಜ. ಇನ್ನೊಂದು ವಿಷಯ: ಅದು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಕುದಿಯುವ ಸಾರಿನಲ್ಲಿ ಅಲ್ಯೂಮಿನಿಯಂ ಸೌಟು, ಮರದ ಸೌಟು ಎರಡನ್ನೂ ಐದು ನಿಮಿಷ ಬಿಟ್ಟು ಹಿಡಿ ಮುಟ್ಟಿ ನೋಡಿ. (ಜೋಪಾನ!)

ಯುಪಿವಿಸಿಯನ್ನೂ ವಿಚಾರಿಸಿದೆ. ಬಣ್ಣ ಬೇಡ, ಮಳೆಗೆ ಜಗ್ಗದು, ಶಾಖವನ್ನೂ ತಡೆಯುತ್ತದೆ. ಆದರೆ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಮುಂದೊಂದು ದಿನ ಅದಕ್ಕೆ ಯಾರಾದರೂ ಬೆಂಕಿ ಹಚ್ಚಿದರೆ ಹೈಡ್ರೋಜನ್ ಕ್ಲೋರೈಡ್ ಹೊಮ್ಮುತ್ತದೆ. ನಮ್ಮಲ್ಲಿ ಕಸಕ್ಕೆ ಬೆಂಕಿ ಹಚ್ಚುವವರು ಕಡಿಮೆಯೇ?

ಅಷ್ಟರಲ್ಲಿ ಹಳ್ಳಿಯಿಂದ ಅಣ್ಣನ ಫೋನು. ನಮ್ಮಜ್ಜ ಕಟ್ಟಿಸಿದ ಮನೆ ಕೆಡವುತ್ತಿದ್ದ. ಹಲಸಿನ ಮರದ ಆರು ಕಿಟಕಿ ಇಡಲು ಜಾಗವಿಲ್ಲ, ಬಚ್ಚಲೊಲೆಗೆ ಸೀಳಿಸಲೇ ಎಂದು ಕೇಳಿದ. ಮರುದಿನವೇ ಲಗೇಜು ಆಟೋ ಮಾಡಿಕೊಂಡು ಹೋದೆ.

ಕಿಟಕಿಗಳನ್ನು ಅಂಗಳದಲ್ಲಿಳಿಸಿ ಅಪ್ಪ-ಮಗಳು ಲೆಕ್ಕಕ್ಕೆ ಕೂತೆವು. ಮರದ ತೂಕ ಸುಮಾರು 150 ಕಿಲೋ. ಒಣಮರದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಎಂದರೆ 75 ಕಿಲೋ. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ 44 ಗ್ರಾಂ ಇಂಗಾಲದ ಡೈ ಆಕ್ಸೈಡ್. ಒಲೆಗೆ ಹಾಕಿದ್ದರೆ 275 ಕಿಲೋ ಅನಿಲ ಗಾಳಿ ಸೇರುತ್ತಿತ್ತು. ‘ಮುತ್ತಜ್ಜನ ಕಾಲದ ಗಾಳಿ ಇನ್ನೂ ಇದರೊಳಗೇ ಇದೆ’ ಎಂದಳು ಮಗಳು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗುತ್ತದೋ ಇಲ್ಲವೋ, ನಾನಾದರೆ ಕೊಡುತ್ತಿದ್ದೆ.

ಬಡಗಿಗೆ ಮಾತ್ರ ಸಿಟ್ಟು. ಹಳೆಯ ಮೊಳೆಯೊಂದಕ್ಕೆ ತಾಗಿ ಅವನ ಉಳಿಯ ಬಾಯಿ ಮುರಿಯಿತು. ಒಂದು ಚೌಕಟ್ಟಿನ ಕೆಳಪಟ್ಟಿಯನ್ನು ಗೆದ್ದಲು ಟೊಳ್ಳು ಮಾಡಿತ್ತು. ಅಷ್ಟನ್ನು ಕತ್ತರಿಸಿ ಬೇರೆ ತುಂಡು ಕೂಡಿಸಿದ. ಗೋಡೆಗೆ ತಾಗುವ ಮೈಗೆ ಗೇರೆಣ್ಣೆ ಬಳಿದೆವು. ಉಜ್ಜುತ್ತ ಹೋದಂತೆ ಕಪ್ಪಿನ ಕೆಳಗಿಂದ ಹಲಸಿನ ಹೊಂಬಣ್ಣ ಹೊರಬಂತು. ಹಣವೇನೂ ಉಳಿಯಲಿಲ್ಲ, ಕೂಲಿ, ಬಾಡಿಗೆ ಸೇರಿ ಹೊಸ ಅಲ್ಯೂಮಿನಿಯಂ ಕಿಟಕಿಯಷ್ಟೇ ಖರ್ಚಾಯಿತು.

ನಮಗೆ ಬೇಕಾಗಿದ್ದದ್ದು ಎಂಟು ಕಿಟಕಿ. ಅಡುಗೆಮನೆ, ಬಚ್ಚಲುಮನೆಗೆ ಸಿಮೆಂಟಿನ ಚೌಕಟ್ಟು ಹಾಕಿಸಿದೆ. ಅದರ ಇಂಗಾಲದ ಲೆಕ್ಕ ಕೇಳಬೇಡವೆಂದು ಮಗಳಿಗೆ ಮೊದಲೇ ಹೇಳಿಬಿಟ್ಟೆ. ಮಳೆಗಾಲದಲ್ಲಿ ಹಲಸಿನ ಕದಗಳು ಉಬ್ಬಿ ಬಿಗಿಯುತ್ತವೆ. ಜುಲೈ ತಿಂಗಳಿಡೀ ಪಡುವಣ ಕಿಟಕಿ ಮುಚ್ಚಲು ನಾನೇ ಭುಜ ಕೊಡಬೇಕು.